ಕಾರ್ಣಿಕ, ಕಾಲಜ್ಞಾನ, ರ‍್ಯಾಪ್ಚರ್: ಭವಿಷ್ಯವಾಣಿಯ ಫಾರ್ವರ್ಡ್‌ಗಳನ್ನು ಓದುವುದು ಹೇಗೆ?

ದಸರೆ ಬಂತೆಂದರೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ವಿಡಿಯೊ ತಪ್ಪದೆ ಹರಿದಾಡುತ್ತದೆ. ದೇವರಗುಡ್ಡದ ಗೊರವಯ್ಯ ಬಿಲ್ಲನ್ನೇರಿ ನುಡಿದ ಒಂದು ಸಾಲಿನ ಕಾರ್ಣಿಕ. ವಿಡಿಯೊ ಬಂದ ಅರ್ಧ ಗಂಟೆಯೊಳಗೆ ಅದರ ಅರ್ಥವೂ ಬರುತ್ತದೆ. ಒಂದು ಗ್ರೂಪ್‌ನಲ್ಲಿ ‘ಈ ವರ್ಷ ಮಳೆ ಬೆಳೆ ಸಮೃದ್ಧಿ’, ಇನ್ನೊಂದರಲ್ಲಿ ‘ಸರ್ಕಾರ ಬೀಳುತ್ತದೆ’, ಮತ್ತೊಂದರಲ್ಲಿ ‘ಮಹಾಮಾರಿ ಕಾದಿದೆ’.

ಇದೇ ಫೋನಿಗೆ ಇನ್ನೊಂದು ಬಗೆಯ ಸಂದೇಶಗಳೂ ಬರುತ್ತವೆ. ‘ಬೈಬಲ್‌ನಲ್ಲಿ ಹೇಳಿದ ಕೊನೆಯ ಕಾಲ ಬಂದಿದೆ’, ‘ಇಸ್ರೇಲ್ ಯುದ್ಧವೇ ಗುರುತು’, ‘ಇಂಥ ದಿನ ಭಕ್ತರು ಆಕಾಶಕ್ಕೆ ಒಯ್ಯಲ್ಪಡುತ್ತಾರೆ’ ಎಂಬಂಥವು. 2025ರ ಸೆಪ್ಟೆಂಬರ್ 23 ಮತ್ತು 24ರಂದು ಹೀಗಾಗುತ್ತದೆ ಎಂಬ ವಿಡಿಯೊಗಳು ಜಗತ್ತಿನಾದ್ಯಂತ ಓಡಾಡಿದವು. ಆ ಎರಡು ದಿನಗಳು ಉಳಿದ ದಿನಗಳಂತೆಯೇ ಕಳೆದವು.

ಧರ್ಮ ಬೇರೆ, ದೇಶ ಬೇರೆ, ಭಾಷೆ ಬೇರೆ. ಆದರೂ ಎರಡೂ ಕಡೆ ಇರುವ ಪ್ರಶ್ನೆ ಒಂದೇ: ಹಿಂದೆ ನುಡಿದ ಮಾತನ್ನು ಇಂದಿನ ಘಟನೆಗೆ ಜೋಡಿಸುವವರು ಯಾರು, ಯಾವ ಲೆಕ್ಕದ ಮೇಲೆ ಜೋಡಿಸುತ್ತಾರೆ?

ಚಿಕ್ಕ ಉತ್ತರ

• ವಾಣಿ ಬೇರೆ, ವಾಣಿಯ ಅರ್ಥ ಬೇರೆ. ಫಾರ್ವರ್ಡ್‌ನಲ್ಲಿ ನಮಗೆ ಬರುವುದು ಹೆಚ್ಚಾಗಿ ಯಾರೋ ಬಿಡಿಸಿದ ಅರ್ಥ.
• ಬೈಬಲ್‌ನ ಭವಿಷ್ಯವಾಣಿಯನ್ನು ಎಲ್ಲ ಕ್ರೈಸ್ತರೂ ಒಂದೇ ರೀತಿ ಓದುವುದಿಲ್ಲ. ರ‍್ಯಾಪ್ಚರ್ ಎಂಬ ಕಲ್ಪನೆ ಈಗಿನ ರೂಪದಲ್ಲಿ ಹರಡಿದ್ದು 19ನೇ ಶತಮಾನದ ನಂತರ.
• ದಿನಾಂಕ ಕೊಟ್ಟು ಹೇಳಿದ ಲೋಕಾಂತ್ಯದ ಭವಿಷ್ಯಗಳು ಇದುವರೆಗೆ ಒಂದೂ ನಿಜವಾಗಿಲ್ಲ.
• ಬಿತ್ತನೆ, ಸಾಲ, ಲಸಿಕೆ, ಉಳಿತಾಯದ ತೀರ್ಮಾನಗಳನ್ನು ಇಂಥ ಫಾರ್ವರ್ಡ್ ನೋಡಿ ಮಾಡಿದರೆ ನಷ್ಟ ನಮ್ಮದೇ.

ಕಾರ್ಣಿಕ ಎಂದರೇನು?

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ ಮಾಲತೇಶ ದೇವರ ಕ್ಷೇತ್ರ. ಇಲ್ಲಿ ದಸರೆಯ ಹೊತ್ತಿಗೆ ಕಾರ್ಣಿಕ ನಡೆಯುತ್ತದೆ. ತುಂಗಭದ್ರೆಯ ಆಚೆ ದಡದಲ್ಲಿ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯ ವೇಳೆ ಇನ್ನೊಂದು ಕಾರ್ಣಿಕ ನಡೆಯುತ್ತದೆ. ಎರಡೂ ಮೈಲಾರಲಿಂಗನ ಪರಂಪರೆಗೆ ಸೇರಿದವು. ಮಣಿ, ಮಲ್ಲ ಎಂಬ ರಾಕ್ಷಸರನ್ನು ಶಿವನು ಮಾರ್ತಾಂಡ ಭೈರವನ ರೂಪದಲ್ಲಿ ಕೊಂದ ಕಥೆ ಇದರ ಹಿಂದಿದೆ. ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಮೈಲಾರಕ್ಕೆ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಹೋಗುವವರು ಇಂದಿಗೂ ಇದ್ದಾರೆ.

ದಿನಗಟ್ಟಲೆ ಉಪವಾಸ ವ್ರತ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಜನ ಸದ್ದು ನಿಲ್ಲಿಸಬೇಕೆಂದು ಕೂಗಿ ಹೇಳುತ್ತಾನೆ. ಲಕ್ಷಾಂತರ ಮಂದಿ ಒಮ್ಮೆಲೇ ಮೌನವಾಗುತ್ತಾರೆ. ಒಂದೇ ಸಾಲು ನುಡಿದು, ಕೊನೆಗೆ ‘ಪರಾಕ್’ ಎಂದು, ಮೇಲಿನಿಂದ ಕೆಳಗೆ ಬೀಳುತ್ತಾನೆ. ಕೆಳಗಿದ್ದವರು ಅವನನ್ನು ಕಂಬಳಿಯಲ್ಲಿ ಹಿಡಿಯುತ್ತಾರೆ. ಅಷ್ಟೇ. ವಿವರಣೆ ಇಲ್ಲ, ದಿನಾಂಕ ಇಲ್ಲ, ಹೆಸರು ಇಲ್ಲ.

ಆ ಸಾಲು ಇರುವುದು ರೈತರ, ಕುರಿಗಾರರ ಮಾತಿನಲ್ಲಿ. ಕೊಡ, ರಾಶಿ, ಅಂಬಲಿ, ಕಂಬಳಿ, ಬೇರು, ಚಿಗುರು ಇಂಥ ಪದಗಳು ಬರುತ್ತವೆ. ಅರ್ಥ ಹೇಳುವ ಕೆಲಸ ಆಮೇಲೆ ಶುರುವಾಗುತ್ತದೆ. ಕ್ಷೇತ್ರದ ಹಿರಿಯರು ಹೇಳುತ್ತಾರೆ, ಊರ ಕಟ್ಟೆಯ ಮೇಲೆ ಕುಳಿತವರು ಹೇಳುತ್ತಾರೆ, ಟಿ.ವಿ. ಚಾನೆಲ್‌ಗಳು ಹೇಳುತ್ತವೆ, ಈಗ ರೀಲ್ಸ್ ಮಾಡುವವರೂ ಹೇಳುತ್ತಾರೆ.

ಒಂದೇ ಸಾಲಿಗೆ ಎಷ್ಟು ಅರ್ಥ?

2023ರ ಫೆಬ್ರುವರಿಯಲ್ಲಿ ಮೈಲಾರದ ಕಾರ್ಣಿಕದಲ್ಲಿ ಅಂಬಲಿ ಹಳಸಿದ, ಕಂಬಳಿ ಬೀಸಿದ ಮಾತು ಬಂತು. ಇದನ್ನು ಎಷ್ಟು ರೀತಿ ಓದಬಹುದು ನೋಡಿ.

ಮೊದಲನೆಯದು ರಾಜಕೀಯದ ಓದು. ಅದು ವಿಧಾನಸಭಾ ಚುನಾವಣೆಯ ವರ್ಷ. ಅಂಬಲಿ ಹಳಸಿತು ಎಂದರೆ ಹಳೆಯ ಆಳ್ವಿಕೆ ಕೆಟ್ಟಿತು. ಕಂಬಳಿ ಹಾಲುಮತ ಸಮುದಾಯದ ಗುರುತು, ಹಾಗಾಗಿ ಆ ಸಮುದಾಯದ ನಾಯಕರಿಗೆ ಅಧಿಕಾರ.

ಎರಡನೆಯದು ಸಮೃದ್ಧಿಯ ಓದು. ಅಂಬಲಿ ಹಳಸಬೇಕಾದರೆ ಉಂಡು ಮಿಕ್ಕಿರಬೇಕು. ಕಂಬಳಿ ಮಳೆಗೆ ಹೊದೆಯುವ ವಸ್ತು. ಹಾಗಾದರೆ ಒಳ್ಳೆಯ ಮಳೆ, ತುಂಬಿದ ಕಣಜ.

ಮೂರನೆಯದು ಬರದ ಓದು. ಉಣ್ಣುವ ಅಂಬಲಿಯೇ ಕೆಟ್ಟಿತು ಎಂದರೆ ಅನ್ನಕ್ಕೆ ಕುತ್ತು. ಕಂಬಳಿ ಬೀಸಿ ಹೊರಟರೆಂದರೆ ಗುಳೆ.

ಆ ವರ್ಷ ನಿಜವಾಗಿ ಆದದ್ದೇನು? ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಮುಂಗಾರು ಕೈಕೊಟ್ಟಿತು. ರಾಜ್ಯ ಸರ್ಕಾರ ಹಂತಹಂತವಾಗಿ ಒಟ್ಟು 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಈಗ ಮೊದಲನೆಯ ಅರ್ಥವೂ ‘ಸತ್ಯ’, ಮೂರನೆಯದೂ ‘ಸತ್ಯ’. ಎರಡನೆಯದನ್ನು ಹೇಳಿದವರ ಮಾತು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಂದು ವೇಳೆ ಮಳೆ ಚೆನ್ನಾಗಿ ಆಗಿದ್ದರೆ ಎರಡನೆಯದನ್ನೇ ಹಿಡಿದು ‘ಕಾರ್ಣಿಕ ನಿಜವಾಯಿತು’ ಎನ್ನುತ್ತಿದ್ದೆವು. ಅಂದರೆ ವರ್ಷ ಯಾವ ಕಡೆ ತಿರುಗಿದರೂ ಅದಕ್ಕೊಂದು ಅರ್ಥ ಮೊದಲೇ ಸಿದ್ಧವಿರುತ್ತದೆ.

ಇನ್ನೊಂದು ಉದಾಹರಣೆ. 2025ರ ಫೆಬ್ರುವರಿಯ ಮೈಲಾರ ಕಾರ್ಣಿಕದಲ್ಲಿ ತುಂಬಿದ ಕೊಡ ತುಳುಕಿದ ಮಾತು ಬಂತು. ಅದಕ್ಕೂ ಆರು ತಿಂಗಳ ಹಿಂದೆ, 2024ರ ಆಗಸ್ಟ್ 10ರ ರಾತ್ರಿ, ತುಂಬಿದ್ದ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ನೀರು ನದಿಗೆ ಹರಿದಿತ್ತು. ಇದೇ ಮಾತು ಒಂದು ವರ್ಷ ಮೊದಲು ಬಂದಿದ್ದರೆ? ‘ಡ್ಯಾಮ್ ಗೇಟ್ ಮುರಿಯುವುದನ್ನು ಕಾರ್ಣಿಕ ಮೊದಲೇ ಹೇಳಿತ್ತು’ ಎಂಬ ವಿಡಿಯೊ ಇವತ್ತಿಗೂ ನಿಮ್ಮ ಫೋನಿನಲ್ಲಿ ಇರುತ್ತಿತ್ತು.

ನಮಗೆ ಇದು ನಿಜ ಅನ್ನಿಸುವುದೇಕೆ?

ಇದರಲ್ಲಿ ಯಾರದೋ ಮೋಸ ಇರಬೇಕೆಂದೇನಿಲ್ಲ. ನಮ್ಮ ಮನಸ್ಸು ಕೆಲಸ ಮಾಡುವ ರೀತಿಯೇ ಹಾಗೆ.

ಮೊದಲನೆಯ ಕಾರಣ, ಆದ ಮೇಲೆ ಹೊಂದಿಸುವುದು. ಘಟನೆ ನಡೆದ ಮೇಲೆ ಹಿಂದಿನ ಮಾತಿನಲ್ಲಿ ಅದನ್ನು ಹುಡುಕುವುದು ಸುಲಭ. ಘಟನೆಗೆ ಮೊದಲೇ ಅದೊಂದನ್ನೇ ಬೊಟ್ಟುಮಾಡಿ ಹೇಳುವುದು ಕಷ್ಟ.

ಎರಡನೆಯದು, ಹೊಂದಿದ್ದನ್ನು ನೆನಪಿಟ್ಟು ಹೊಂದದ್ದನ್ನು ಮರೆಯುವುದು. ಹತ್ತು ವರ್ಷದ ಕಾರ್ಣಿಕಗಳಲ್ಲಿ ನಿಮಗೆ ನೆನಪಿರುವುದು ಯಾವುವು? ಹೆಚ್ಚಾಗಿ ಏನಾದರೊಂದು ದೊಡ್ಡ ಸಂಗತಿಗೆ ಜೋಡಣೆಯಾದವು ಮಾತ್ರ.

ಮೂರನೆಯದು, ಎಲ್ಲರಿಗೂ ಒಪ್ಪುವ ಮಾತು ನಮಗೇ ಹೇಳಿದಂತೆ ಕೇಳಿಸುವುದು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ‘ನಿನ್ನ ಸ್ವಭಾವ ಹೀಗಿದೆ’ ಎಂಬ ವರದಿ ಕೊಟ್ಟ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಕೊಡಲು ಹೇಳಿದ. ಸರಾಸರಿ 4.26 ಅಂಕ ಬಂತು. ವಿಷಯವೇನೆಂದರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ವರದಿ. ಅದರ ಸಾಲುಗಳನ್ನು ಬಹುಪಾಲು ಆರಿಸಿದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕಾರ್ಣಿಕ ನಂಬಿದವರಿಗೆ ಹರಕೆ, ಹಬ್ಬ, ಸಮುದಾಯ ಒಟ್ಟಾಗಿ ಕೂಡುವ ದಿನ. ಆ ಅನುಭವವನ್ನು ಅಳೆಯುವುದು ಈ ಲೇಖನದ ಕೆಲಸವಲ್ಲ. ಗೊರವಯ್ಯ ನುಡಿದು ಮುಗಿಸಿದ ಮೇಲೆ ‘ಇದರರ್ಥ ಇದೇ’ ಎಂದು ಹೇಳುವವರ ಮಾತನ್ನು ಮಾತ್ರ ಪರೀಕ್ಷಿಸಬಹುದು, ಪರೀಕ್ಷಿಸಬೇಕು.

ಬೈಬಲ್ ಭವಿಷ್ಯವಾಣಿಯ ಜಗಳ ಏನು?

ಈಗ ಎರಡನೆಯ ಬಗೆಯ ಫಾರ್ವರ್ಡ್‌ಗಳಿಗೆ ಬರೋಣ. ಬೈಬಲ್‌ನ ದಾನಿಯೇಲ, ಯೆಹೆಜ್ಕೇಲ, ಪ್ರಕಟನೆ ಎಂಬ ಪುಸ್ತಕಗಳಲ್ಲಿ ಮೃಗಗಳು, ಕೊಂಬುಗಳು, ಸಂಖ್ಯೆಗಳು, ಯುದ್ಧಗಳು ಬರುತ್ತವೆ. ಇವನ್ನು ಹೇಗೆ ಓದಬೇಕು ಎಂಬ ಬಗ್ಗೆ ಕ್ರೈಸ್ತರಲ್ಲೇ ಎರಡು ಸಾವಿರ ವರ್ಷಗಳಿಂದ ಚರ್ಚೆ ಇದೆ. ಅದರಲ್ಲಿ ಒಂದು ಓದಿನ ಹೆಸರು ಡಿಸ್ಪೆನ್ಸೇಷನಲಿಸಂ. ಕನ್ನಡದಲ್ಲಿ ‘ಕಾಲಘಟ್ಟಗಳ ಸಿದ್ಧಾಂತ’ ಎನ್ನಬಹುದು.

ಇದನ್ನು ವ್ಯವಸ್ಥಿತವಾಗಿ ಕಟ್ಟಿದ್ದು ಜಾನ್ ನೆಲ್ಸನ್ ಡಾರ್ಬಿ (1800–1882). ಐರ್ಲೆಂಡಿನ ಆಂಗ್ಲಿಕನ್ ಪಾದ್ರಿಯಾಗಿದ್ದ ಆತ ಆ ಸಭೆ ಬಿಟ್ಟು ‘ಪ್ಲಿಮತ್ ಬ್ರದರನ್’ ಎಂಬ ಗುಂಪಿನ ಮುಂದಾಳಾದ. ಇದು ಮನೆಮಾತಾದದ್ದು ಅಮೆರಿಕದ ಸೈರಸ್ ಸ್ಕೋಫೀಲ್ಡ್ 1909ರಲ್ಲಿ ಹೊರತಂದ ಟಿಪ್ಪಣಿ ಸಹಿತ ಬೈಬಲ್‌ನಿಂದ. ಪುಟದ ಮೇಲೆ ಮೂಲ ವಚನ, ಕೆಳಗೆ ಸ್ಕೋಫೀಲ್ಡ್‌ನ ವಿವರಣೆ. ಓದುವವರಿಗೆ ಎರಡರ ನಡುವಿನ ಗೆರೆ ಮಸುಕಾಗತೊಡಗಿತು.

ಸ್ಕೋಫೀಲ್ಡ್ ಇತಿಹಾಸವನ್ನು ಏಳು ಕಾಲಘಟ್ಟಗಳಾಗಿ ಭಾಗಿಸಿದ: ನಿರಪರಾಧ ಸ್ಥಿತಿ, ಮನಸ್ಸಾಕ್ಷಿ, ಮಾನವ ಆಳ್ವಿಕೆ, ವಾಗ್ದಾನ, ಧರ್ಮಶಾಸ್ತ್ರ, ಕೃಪೆ, ರಾಜ್ಯ. ಪ್ರತಿ ಘಟ್ಟದಲ್ಲೂ ದೇವರು ಮನುಷ್ಯನನ್ನು ಬೇರೆ ಬೇರೆ ರೀತಿ ಪರೀಕ್ಷಿಸುತ್ತಾನೆ. ಈಗ ನಡೆಯುತ್ತಿರುವುದು ಆರನೆಯದು. ನಾಲ್ಕು ಯುಗಗಳ ಲೆಕ್ಕ ಕೇಳಿ ಬೆಳೆದ ನಮಗೆ ಇದರ ಹೊರಚೌಕಟ್ಟು ಹೊಸದೇನಲ್ಲ. ವ್ಯತ್ಯಾಸ ಇರುವುದು ಅವಧಿಯಲ್ಲಿ. ಕಲಿಯುಗದ ಸಾಂಪ್ರದಾಯಿಕ ಲೆಕ್ಕ 4,32,000 ವರ್ಷ. ಈ ಸಿದ್ಧಾಂತದಲ್ಲಿ ಕೊನೆ ಯಾವ ಕ್ಷಣವಾದರೂ ಬರಬಹುದು.

ಇದರ ಮುಖ್ಯ ಅಂಶಗಳು ಮೂರು. ಒಂದು, ಇಸ್ರಾಯೇಲ್ ಜನಾಂಗ ಬೇರೆ, ಕ್ರೈಸ್ತ ಸಭೆ ಬೇರೆ. ಇಸ್ರಾಯೇಲಿಗೆ ಕೊಟ್ಟ ವಾಗ್ದಾನಗಳು ಭೂಮಿಯ ಮೇಲೆ ಅಕ್ಷರಶಃ ನೆರವೇರಬೇಕು. ಎರಡು, ಏಳು ವರ್ಷಗಳ ಮಹಾಸಂಕಟಕ್ಕೆ ಮೊದಲೇ ಭಕ್ತರು ಮೇಲಕ್ಕೆ ಒಯ್ಯಲ್ಪಡುತ್ತಾರೆ. ಇದೇ ರ‍್ಯಾಪ್ಚರ್. ಮೂರು, ಆಮೇಲೆ ಕ್ರಿಸ್ತನು ಯೆರೂಸಲೇಮಿನಿಂದ ಸಾವಿರ ವರ್ಷ ಆಳುತ್ತಾನೆ.

1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾದಾಗ ಈ ಓದಿಗೆ ದೊಡ್ಡ ಬಲ ಬಂತು. ಇಸ್ರೇಲ್ ಸುತ್ತ ಯುದ್ಧವಾದಾಗಲೆಲ್ಲ ‘ಕೊನೆಯ ಕಾಲ’ದ ಫಾರ್ವರ್ಡ್ ಬರುವುದಕ್ಕೆ ಮೂಲ ಇದೇ.

ಎಲ್ಲ ಕ್ರೈಸ್ತರೂ ಇದನ್ನು ನಂಬುತ್ತಾರೆಯೇ?

ಇಲ್ಲ. ಒಂದೇ ಭಾಗವನ್ನು ಎಷ್ಟು ಬೇರೆಯಾಗಿ ಓದುತ್ತಾರೆ ಎಂಬುದಕ್ಕೆ ದಾನಿಯೇಲನ ಪುಸ್ತಕದ 9ನೇ ಅಧ್ಯಾಯವೇ ಸಾಕ್ಷಿ. ಅಲ್ಲಿ ‘ಎಪ್ಪತ್ತು ವಾರ’ಗಳ ಮಾತಿದೆ. ಒಂದು ದಿನವನ್ನು ಒಂದು ವರ್ಷ ಎಂದು ಹಿಡಿದರೆ 490 ವರ್ಷ. ಡಾರ್ಬಿಯ ಪಂಥದವರು 69 ವಾರ, ಅಂದರೆ 483 ವರ್ಷ, ಕ್ರಿಸ್ತನ ಕಾಲಕ್ಕೆ ಮುಗಿಯಿತು ಎನ್ನುತ್ತಾರೆ. ಉಳಿದ ಒಂದು ವಾರ, ಅಂದರೆ ಏಳು ವರ್ಷ, ಇನ್ನೂ ಬಾಕಿ ಇದೆ. ನಡುವೆ ಗಡಿಯಾರ ನಿಂತಿದೆ. ಆ ನಿಲುಗಡೆಗೆ ಈಗಾಗಲೇ 1,900 ವರ್ಷ ದಾಟಿವೆ.

ಇದನ್ನು ಒಪ್ಪದವರು ಕೇಳುವ ಪ್ರಶ್ನೆ ಸರಳ: 69ಕ್ಕೂ 70ಕ್ಕೂ ನಡುವೆ ಇಷ್ಟು ದೊಡ್ಡ ಬಿಡುವು ಇದೆ ಎಂದು ಆ ವಚನದಲ್ಲಿ ಎಲ್ಲಿದೆ? ಹಲವು ಇತಿಹಾಸಕಾರರ ಪ್ರಕಾರ ಆ ಅಧ್ಯಾಯ ಹೇಳುತ್ತಿರುವುದು ಕ್ರಿ.ಪೂ. 2ನೇ ಶತಮಾನದಲ್ಲಿ ಯೆಹೂದ್ಯರನ್ನು ಹಿಂಸಿಸಿದ ನಾಲ್ಕನೇ ಆಂಟಿಯೋಕಸ್ ರಾಜನ ಬಗ್ಗೆ.

‘ಸಾವಿರ ವರ್ಷದ ಆಳ್ವಿಕೆ’ಯೂ ಹಾಗೆಯೇ. 5ನೇ ಶತಮಾನದ ಅಗಸ್ಟೀನ್ ಅದನ್ನು ಸಂಕೇತ ಎಂದು ಓದಿದ. ಕ್ಯಾಥೊಲಿಕ್ ಸಭೆ ಮತ್ತು ಬಹಳಷ್ಟು ಹಳೆಯ ಪ್ರೊಟೆಸ್ಟೆಂಟ್ ಸಭೆಗಳು ಈ ದಾರಿಯಲ್ಲೇ ಸಾಗಿದವು. ಕೆಲವರು ಲೋಕ ನಿಧಾನವಾಗಿ ಸುಧಾರಿಸಿದ ಮೇಲೆ ಕ್ರಿಸ್ತ ಬರುತ್ತಾನೆ ಎನ್ನುತ್ತಾರೆ. ಇನ್ನು ಕೆಲವರು ಪ್ರಕಟನೆಯ ಬಹುಪಾಲು ರೋಮ್ ಸಾಮ್ರಾಜ್ಯದ ಕಾಲದಲ್ಲೇ ನೆರವೇರಿತು ಎನ್ನುತ್ತಾರೆ.

666ರ ಕಥೆಯನ್ನೇ ನೋಡಿ. ಬಾರ್‌ಕೋಡ್, ಚಿಪ್, ಕೋವಿಡ್ ಲಸಿಕೆ ಎಲ್ಲವನ್ನೂ ‘ಮೃಗದ ಗುರುತು’ ಎಂದ ಫಾರ್ವರ್ಡ್‌ಗಳು ಬಂದವು. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ‘ನೆರೋನ್ ಕೈಸರ್’ ಎಂಬ ಹೆಸರಿನ ಅಕ್ಷರಗಳನ್ನು ಕೂಡಿದರೆ 666 ಬರುತ್ತದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 666ರ ಬದಲು 616 ಇದೆ. ‘ನೆರೋನ್’ನ ಕೊನೆಯ ಅಕ್ಷರ ಬಿಟ್ಟರೆ ಬರುವುದೂ 616. ಹಾಗಾಗಿ ಇದು ಕ್ರೈಸ್ತರನ್ನು ಹಿಂಸಿಸಿದ ರೋಮ್ ಚಕ್ರವರ್ತಿ ನೀರೋನನ್ನು ಸೂಚಿಸುತ್ತದೆ ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಅದನ್ನು ಲಸಿಕೆಗೆ ಅಂಟಿಸಿದ್ದರಿಂದ ಲಸಿಕೆಗೆ ಹೆದರಿದ ಮನೆಗಳಿಗೆ ಹಾನಿಯಾಗುವ ಅಪಾಯ ತಂದಿಟ್ಟಂತಾಯಿತು.

ದಿನಾಂಕ ಕೊಟ್ಟವರ ಲೆಕ್ಕ ಏನಾಯಿತು?

ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಎಂಬ ಎಚ್ಚರಿಕೆ ಸುವಾರ್ತೆಗಳಲ್ಲೇ ಇದೆ. ಡಿಸ್ಪೆನ್ಸೇಷನಲಿಸಂ ಒಪ್ಪುವ ಅನೇಕ ಬೋಧಕರೂ ಇದೇ ಕಾರಣಕ್ಕೆ ದಿನಾಂಕ ಹೇಳುವುದನ್ನು ವಿರೋಧಿಸುತ್ತಾರೆ. ಆದರೂ ಹೇಳಿದವರಿದ್ದಾರೆ.

1836: ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ವಿದ್ವಾಂಸ ಯೋಹಾನ್ ಬೆಂಗೆಲ್ (1687–1752) ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಕಳೆದು, ಹೊಸ ಕಾಲ 1836ರಲ್ಲಿ ಶುರುವಾಗುತ್ತದೆ ಎಂದಿದ್ದ. ಆಗಲಿಲ್ಲ.

1844: ಅಮೆರಿಕದ ರೈತ ಮತ್ತು ಬೋಧಕ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ಅಕ್ಟೋಬರ್ 22ಕ್ಕೆ ಕಾದರು. ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಮರುದಿನ ಬೆಳಗಾಯಿತು. ಚರಿತ್ರೆಯಲ್ಲಿ ಇದಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು.

1988: ಇಸ್ರೇಲ್ ಸ್ಥಾಪನೆಯಾದ 1948ಕ್ಕೆ ಒಂದು ತಲೆಮಾರು, ಅಂದರೆ 40 ವರ್ಷ ಸೇರಿಸುವ ಲೆಕ್ಕ ಹಾಲ್ ಲಿಂಡ್ಸೆ 1970ರಲ್ಲಿ ಬರೆದ ಜನಪ್ರಿಯ ಪುಸ್ತಕದಿಂದ ಹರಡಿತ್ತು. ಎಡ್ಗರ್ ವಿಸನಂಟ್ ಎಂಬಾತ 88 ಕಾರಣ ಕೊಟ್ಟು 1988ರ ಸೆಪ್ಟೆಂಬರ್ ಎಂದ. ಅದು ತಪ್ಪಿದಾಗ 1989 ಎಂದ.

2011: ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದು ಸಾರಿದ. ಅದನ್ನು ನಂಬಿದ ನ್ಯೂಯಾರ್ಕ್‌ನ ಒಬ್ಬ ನಿವೃತ್ತ ಸಾರಿಗೆ ನೌಕರ ತನ್ನ ಉಳಿತಾಯದ 1,40,000 ಡಾಲರ್‌ ಅನ್ನು ಅದರ ಜಾಹೀರಾತಿಗೆ ಸುರಿದ. ದಿನ ಕಳೆಯಿತು. ಕ್ಯಾಂಪಿಂಗ್ ದಿನಾಂಕವನ್ನು ಅಕ್ಟೋಬರ್ 21ಕ್ಕೆ ಬದಲಿಸಿದ. ಅದೂ ಕಳೆದ ಮೇಲೆ, 2012ರಲ್ಲಿ ತಾನು ತಪ್ಪಿದೆ ಎಂದು ಒಪ್ಪಿಕೊಂಡ. ಆ ನೌಕರನ ಹಣ ಮಾತ್ರ ಹೋದದ್ದು ಹೋಯಿತು.

ಈ ಪಟ್ಟಿಯಲ್ಲಿ ಒಂದು ಸಾಮ್ಯ ಇದೆ. ಪ್ರತಿಯೊಬ್ಬರ ಲೆಕ್ಕವೂ ತಪ್ಪಿತು.

ನಮ್ಮ ಧಾರವಾಡ ಸೀಮೆಯಲ್ಲಿ ಎರಡು ಭವಿಷ್ಯವಾಣಿಗಳು ಎದುರಾದಾಗ

ಇದು ದೂರದ ಕಥೆಯಲ್ಲ. ಹಾವೇರಿ ಜಿಲ್ಲೆ 1997ರವರೆಗೂ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆ ಧಾರವಾಡಕ್ಕೆ ಬಾಸೆಲ್ ಮಿಶನ್‌ನವರು ಬಂದದ್ದು 1837ರಲ್ಲಿ. ಅವರಲ್ಲಿ ಹಲವರು ಬೆಂಗೆಲ್‌ನ ಊರುಸೀಮೆಯಾದ ವ್ಯುರ್ಟೆಂಬರ್ಗ್‌ನವರು. 1836ರ ನಿರೀಕ್ಷೆಯ ಮಾತು ಕೇಳಿ ಬೆಳೆದ ನಾಡಿನವರು ಅದರ ಮರುವರ್ಷವೇ ಇಲ್ಲಿಗೆ ಕಾಲಿಟ್ಟಿದ್ದರು.

ಇಲ್ಲಿ ಆಗಲೇ ಇನ್ನೊಂದು ಭವಿಷ್ಯದ ಪರಂಪರೆ ಇತ್ತು: ಕಾಲಜ್ಞಾನ. ಕೊಡೇಕಲ್ ಬಸವಣ್ಣನಂಥವರ ಹೆಸರಿನಲ್ಲಿ ಮುಂದಿನ ಕಾಲದ ಬಗ್ಗೆ ಹೇಳುವ ಒಗಟಿನ ಮಾತುಗಳನ್ನು ಮಠಗಳಲ್ಲಿ, ಮನೆಗಳಲ್ಲಿ ಕಾಪಾಡಿಕೊಂಡು ಬಂದಿದ್ದರು. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ್ದ ಕೆಲವರು ಈ ಮಿಶನರಿಗಳನ್ನು ಸಂಪರ್ಕಿಸಿದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಬರಲಿರುವ ಕಾಲಕ್ಕೂ ಈ ಪರದೇಶಿಗಳಿಗೂ ಸಂಬಂಧವಿದೆ ಎಂಬುದು ಅವರ ಓದು. ಮಿಶನರಿಗಳಿಗೋ, ದೊಡ್ಡ ಸಂಖ್ಯೆಯಲ್ಲಿ ಜನ ತಮ್ಮ ಮತಕ್ಕೆ ಬರುತ್ತಾರೆ ಎಂಬ ಆಸೆ. ಅವರಿಗಾಗಿ ಗದಗ ಸಮೀಪದ ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನೂ ಶುರು ಮಾಡಿದರು.

ನಿರೀಕ್ಷಿಸಿದ ಜನ ಬರಲಿಲ್ಲ. ಇವರ ಗ್ರಂಥದಲ್ಲಿ ಅವರು, ಅವರ ಗ್ರಂಥದಲ್ಲಿ ಇವರು ತಮಗೆ ಬೇಕಾದದ್ದನ್ನು ಕಂಡಿದ್ದರು. ಎರಡು ಕಡೆಯವರೂ ಪ್ರಾಮಾಣಿಕರೇ ಇರಬಹುದು, ವಿದ್ವಾಂಸರೂ ಇದ್ದರು. ಪ್ರಾಮಾಣಿಕತೆಯೊಂದರಿಂದಲೇ ಓದು ಸರಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಾರ್ಣಿಕ ನೋಡಿ ಬಿತ್ತಬಹುದೇ?

ನಮ್ಮ ಭಾಗದ ರೈತರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಗೋವಿನಜೋಳ ಹಾಕಬೇಕೋ, ಹತ್ತಿಯೋ, ಬ್ಯಾಡಗಿ ಮೆಣಸಿನಕಾಯಿಯೋ ಎಂಬ ತೀರ್ಮಾನದ ಮೇಲೆ ವರ್ಷದ ಸಾಲ ತೀರುವುದು ನಿಂತಿರುತ್ತದೆ. ‘ಸಮೃದ್ಧಿ’ ಎಂಬ ಅರ್ಥ ನಂಬಿ ಬೆಳೆ ವಿಮೆ ಕಟ್ಟದೆ ಬಿಟ್ಟವರಿಗೆ 2023ರಂಥ ವರ್ಷದಲ್ಲಿ ಕೈಗೆ ಬರುವುದೇನು?

ಹವಾಮಾನ ಇಲಾಖೆಯ ಮುನ್ಸೂಚನೆಯೂ ತಪ್ಪಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ತಪ್ಪುತ್ತದೆ. ಆದರೆ ಅದು ತಪ್ಪಿದೆ ಎಂದು ನಮಗೆ ಗೊತ್ತಾಗುತ್ತದೆ. ವ್ಯತ್ಯಾಸ ಇರುವುದು ಅಲ್ಲೇ. ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಅಂದಾಜು ಹೇಳುತ್ತದೆ, ಮೇ ಕೊನೆಯಲ್ಲಿ ಅದನ್ನು ಪರಿಷ್ಕರಿಸುತ್ತದೆ. ದೇಶದ ದೀರ್ಘಾವಧಿ ಸರಾಸರಿ 87 ಸೆಂಟಿಮೀಟರ್, ಅದರ 96ರಿಂದ 104 ಶೇಕಡಾ ಬಿದ್ದರೆ ‘ಸಾಮಾನ್ಯ’ ಎಂದು ಮೊದಲೇ ಅಳತೆ ಗೊತ್ತುಪಡಿಸಿರುತ್ತದೆ. ಸೆಪ್ಟೆಂಬರ್ ಕೊನೆಗೆ ಯಾರು ಬೇಕಾದರೂ ತಾಳೆ ನೋಡಬಹುದು. ತಪ್ಪು ಗೊತ್ತಾದಾಗಲೇ ಮುಂದಿನ ವರ್ಷದ ಲೆಕ್ಕ ಸುಧಾರಿಸಲು ಸಾಧ್ಯ. ಯಾವ ಫಲಿತಾಂಶಕ್ಕೂ ಹೊಂದುವ ಮಾತು ಎಂದೂ ತಪ್ಪುವುದಿಲ್ಲ. ಹಾಗಾಗಿ ಅದರಿಂದ ಕಲಿಯುವುದಕ್ಕೂ ಏನೂ ಇರುವುದಿಲ್ಲ.

ಹೊಲದ ತೀರ್ಮಾನಕ್ಕೆ ಹತ್ತಿರದ ದಾರಿಗಳಿವೆ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ‘ಮೇಘದೂತ್’ ಆ್ಯಪ್‌ನಲ್ಲಿ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಸಿಗುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳು ಬೆಳೆಗಳಿಗೆ ರೈತ ಕಟ್ಟಬೇಕಾದ ಕಂತು ವಿಮಾ ಮೊತ್ತದ ಗರಿಷ್ಠ 2 ಶೇಕಡಾ, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕಾ ಬೆಳೆಗಳಿಗೆ ಗರಿಷ್ಠ 5 ಶೇಕಡಾ. ದೇವರಗುಡ್ಡಕ್ಕೆ ಹೋಗಿ ಭಂಡಾರ ಹಚ್ಚಿಕೊಂಡು ಬಂದವರೂ ಕೊನೆಯ ದಿನಾಂಕದೊಳಗೆ ವಿಮೆ ಕಟ್ಟಬಹುದು. ಎರಡಕ್ಕೂ ವಿರೋಧವೇನಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ಇದರಲ್ಲಿ ಮೂಲ ಮಾತು ಎಷ್ಟು, ಯಾರೋ ಸೇರಿಸಿದ ಅರ್ಥ ಎಷ್ಟು? ಪೂರ್ತಿ ವಿಡಿಯೊ ಇದೆಯೇ, ತುಂಡು ಮಾತ್ರವೇ?

2. ಈ ಅರ್ಥವನ್ನು ಘಟನೆಗೆ ಮೊದಲು ಹೇಳಿದ್ದರೇ, ಆಮೇಲೆ ಹೇಳಿದರೇ? ಮೊದಲೇ ಹೇಳಿದ್ದರೆ ದಿನಾಂಕ ಇರುವ ಪತ್ರಿಕೆ ಅಥವಾ ವಿಡಿಯೊ ಸಿಗಬೇಕು.

3. ಏನಾದರೆ ಈ ಮಾತು ಸುಳ್ಳಾಗುತ್ತದೆ? ಇದಕ್ಕೆ ಉತ್ತರವೇ ಇಲ್ಲದಿದ್ದರೆ ಅದು ಮುನ್ಸೂಚನೆ ಅಲ್ಲ.

4. ಇದೇ ವ್ಯಕ್ತಿ ಅಥವಾ ಚಾನೆಲ್ ಹಿಂದೆ ಹೇಳಿದ್ದು ಏನಾಯಿತು? ತಪ್ಪಿದ್ದನ್ನು ಒಪ್ಪಿಕೊಂಡಿದ್ದಾರೆಯೇ, ದಿನಾಂಕ ಮಾತ್ರ ಬದಲಿಸಿದ್ದಾರೆಯೇ?

5. ಇದನ್ನು ನಂಬಿದವರು ಏನು ಮಾಡಬೇಕೆಂದು ಕೇಳುತ್ತಿದೆ? ಹಣ ಕಳಿಸಿ, ಲಸಿಕೆ ಬೇಡ, ಇಂಥ ಸಮುದಾಯವನ್ನು ದೂರ ಇಡಿ, ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಮುಂದಿನ ಕಾರ್ಣಿಕ ಆದ ದಿನವೇ ಗ್ರೂಪ್‌ನಲ್ಲಿ ಬಂದ ಎಲ್ಲ ಅರ್ಥಗಳನ್ನೂ ಒಂದು ಹಾಳೆಯಲ್ಲಿ ಬರೆದು, ಮನೆಯವರ ಸಹಿ ಹಾಕಿಸಿ ಎತ್ತಿಡಿ. ವರ್ಷದ ಕೊನೆಗೆ ತೆಗೆದು ನೋಡಿ. ಎಷ್ಟು ಹೊಂದಿದವು ಎಂಬುದರ ಜೊತೆಗೆ ಎಷ್ಟು ಹೊಂದಲಿಲ್ಲ ಎಂಬುದನ್ನೂ ಎಣಿಸಿ. ಹಾಗೆ ಎಣಿಸಿದ ಮೇಲೂ ಅದರಲ್ಲಿ ಏನೋ ಇದೆ ಅನ್ನಿಸಿದರೆ, ಆ ಹಾಳೆಯ ಫೋಟೊವನ್ನೇ ಗ್ರೂಪ್‌ಗೆ ಕಳಿಸಿ. ಎಣಿಸದೆ ಕಳಿಸಿದ ಹತ್ತು ವಿಡಿಯೊಗಳಿಗಿಂತ ಅದು ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.